ಇಂಗ್ಲೆಂಡಿನ ಫ್ಲ್ಯಾಟ್ ಲೀಸ್ ವಿಸ್ತರಣೆ: 80 ವರ್ಷದ ಗೆರೆಯ ಆಚೆ ಈಚೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಳ್ಳುವವರಲ್ಲಿ ಹೆಚ್ಚಿನವರು ಕೊಳ್ಳುವುದು 99 ಅಥವಾ 125 ವರ್ಷಗಳ ಲೀಸನ್ನು. ನೆಲ ಮತ್ತು ಕಟ್ಟಡ ಅವುಗಳ ಮೂಲ ಮಾಲೀಕನ, ಅಂದರೆ ಫ್ರೀಹೋಲ್ಡರ್‌ನ ಹೆಸರಿನಲ್ಲೇ ಉಳಿಯುತ್ತವೆ. ಬೆಂಗಳೂರಿನಲ್ಲಿ ಫ್ಲ್ಯಾಟಿನ ಕ್ರಯಪತ್ರ ಬರೆಸುವಾಗ ನೆಲದ ಅವಿಭಜಿತ ಪಾಲು ಇಷ್ಟು ಚದರಡಿ ಎಂದು ನಮೂದಾಗುತ್ತದಲ್ಲ, ಅಂಥದ್ದೇನೂ ಅಲ್ಲಿ ಸಿಗುವುದಿಲ್ಲ. ಅವಧಿ ಮುಗಿದ ದಿನ, ಕಾಗದದ ಮೇಲಾದರೂ, ಫ್ಲ್ಯಾಟ್ ಫ್ರೀಹೋಲ್ಡರ್‌ಗೆ ವಾಪಸ್ಸು. ಇಂಗ್ಲೆಂಡೊಂದರಲ್ಲೇ ಇಂಥ ಲೀಸ್‌ಹೋಲ್ಡ್ ಮನೆಗಳು ಐವತ್ತು ಲಕ್ಷದ ಹತ್ತಿರ ಇವೆ.

ಮುಗಿಯುವ ದಿನದವರೆಗೆ ಕಾಯುವವರು ಯಾರೂ ಇಲ್ಲ, ಏಕೆಂದರೆ ತೊಂದರೆ ಬಹಳ ಮೊದಲೇ ಶುರುವಾಗುತ್ತದೆ. ಲೀಸ್ 80 ವರ್ಷದ ಆಸುಪಾಸಿಗೆ ಬಂದರೆ ಕೊಳ್ಳುವವರು ಹಿಂಜರಿಯುತ್ತಾರೆ. 70ಕ್ಕಿಂತ ಕೆಳಗಿಳಿದರೆ ಹಲವು ಬ್ಯಾಂಕುಗಳು ಸಾಲ ಕೊಡಲು ಒಪ್ಪುವುದಿಲ್ಲ. ಹಾಗಾಗಿ ಲೀಸ್ ಬೆಳೆಸಿಕೊಳ್ಳಬೇಕು, ಅದಕ್ಕೆ ದುಡ್ಡು ಕೊಡಬೇಕು. ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಈಗಲೇ ಮಾಡಿಸಬೇಕೇ, ಹೊಸ ಕಾನೂನು ಜಾರಿಯಾಗುವ ತನಕ ತಡೆಯಬೇಕೇ? ಲೀಸ್ ವಿಸ್ತರಣೆಯನ್ನು ಅಗ್ಗವಾಗಿಸುವುದಾಗಿ ಹೇಳಿದ ಕಾಯ್ದೆಗೆ 2024ರ ಮೇ 24ರಂದೇ ರಾಜಮುದ್ರೆ ಬಿತ್ತು. ಆದರೆ ಬೆಲೆ ಕಟ್ಟುವ ಹೊಸ ವಿಧಾನ ಈ ಲೇಖನ ಬರೆಯುವ ಹೊತ್ತಿಗೂ ಜಾರಿಗೆ ಬಂದಿಲ್ಲ. "ಸುಮ್ಮನೆ ಕಾಯಿರಿ" ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತಿದೆ. ಕೆಲವರಿಗೆ ಅದು ಸರಿ. 80ರಿಂದ 83 ವರ್ಷ ಉಳಿದಿರುವವರಿಗೆ ಅದರಷ್ಟು ಕೆಟ್ಟ ಸಲಹೆ ಮತ್ತೊಂದಿಲ್ಲ. ಯಾಕೆಂದು ತಿಳಿಯಬೇಕಾದರೆ ಲೆಕ್ಕದ ಒಳಗೆ ಇಳಿಯಬೇಕು.

ಮೊದಲು ಎಷ್ಟು ವರ್ಷ ಉಳಿದಿದೆ ಎಂದು ನೋಡಿಕೊಳ್ಳಿ. ಸರ್ಕಾರದ ಲ್ಯಾಂಡ್ ರಿಜಿಸ್ಟ್ರಿ ವೆಬ್‌ಸೈಟಿನಲ್ಲಿ 7 ಪೌಂಡ್ ಕೊಟ್ಟರೆ ನಿಮ್ಮ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ ಸಿಗುತ್ತದೆ. ಅದರ ಮೊದಲ ಭಾಗದಲ್ಲಿ "99 ವರ್ಷ, 24 ಜೂನ್ 1999ರಿಂದ" ಎಂಬಂತೆ ಒಂದು ಸಾಲು ಇರುತ್ತದೆ. ಎಣಿಕೆ ಆ ದಿನದಿಂದ. ನೀವು ಕೊಂಡ ದಿನವಾಗಲಿ, ಲೀಸಿಗೆ ಸಹಿ ಬಿದ್ದ ದಿನವಾಗಲಿ ಲೆಕ್ಕಕ್ಕಿಲ್ಲ. ಒಂದೇ ಕಟ್ಟಡದ ಎಲ್ಲ ಫ್ಲ್ಯಾಟುಗಳಿಗೂ ಬಿಲ್ಡರ್ ಸಾಮಾನ್ಯವಾಗಿ ಒಂದೇ ಆರಂಭ ದಿನಾಂಕ ಹಾಕಿರುತ್ತಾನೆ, ಮಾರಾಟ ಆಮೇಲೆ ವರ್ಷಗಟ್ಟಲೆ ನಡೆದಿರುತ್ತದೆ. ಎಸ್ಟೇಟ್ ಏಜೆಂಟ್‌ನ ಜಾಹೀರಾತಿನಲ್ಲಿ "ಸುಮಾರು 82 ವರ್ಷ" ಎಂದಿದ್ದದ್ದು ರಿಜಿಸ್ಟರ್ ತೆಗೆದು ನೋಡಿದರೆ 79 ಆಗಿರುವುದು ಅಪರೂಪವೇನಲ್ಲ. ಆ ಮೂರು ವರ್ಷಕ್ಕೆ ಎಷ್ಟು ಬೆಲೆ ಎಂಬುದು ಮುಂದೆ ಗೊತ್ತಾಗುತ್ತದೆ.

ಬೆಲೆ ಹುಟ್ಟುವ ಬಗೆ

ಈಗಲೂ ನಡೆಯುತ್ತಿರುವುದು 1993ರ ಕಾಯ್ದೆ. ಅದರ ಪ್ರಕಾರ ಲೀಸ್‌ಹೋಲ್ಡರ್‌ಗೆ ಉಳಿದ ಅವಧಿಯ ಮೇಲೆ ಇನ್ನೂ 90 ವರ್ಷ ಪಡೆಯುವ ಹಕ್ಕಿದೆ, ಫ್ರೀಹೋಲ್ಡರ್‌ಗೆ ವರ್ಷವರ್ಷ ಕೊಡುವ ನೆಲಬಾಡಿಗೆ, ಅಂದರೆ ಗ್ರೌಂಡ್ ರೆಂಟ್, ಸೊನ್ನೆಗೆ ಇಳಿಯುತ್ತದೆ. ಇದಕ್ಕೆ ಕೊಡುವ ಮೊತ್ತಕ್ಕೆ ಪ್ರೀಮಿಯಂ ಎನ್ನುತ್ತಾರೆ. ಫ್ರೀಹೋಲ್ಡರ್ ಕಳೆದುಕೊಳ್ಳುವುದು ಏನೇನು ಎಂದು ಎಣಿಸಿ ಪ್ರೀಮಿಯಂ ಕಟ್ಟುತ್ತಾರೆ.

ಒಂದು ಉದಾಹರಣೆ ಹಿಡಿಯೋಣ. ಫ್ರೀಹೋಲ್ಡ್ ಆಗಿದ್ದರೆ 3,50,000 ಪೌಂಡ್ ಬಾಳುವ ಫ್ಲ್ಯಾಟ್. ಲೀಸ್ 72 ವರ್ಷ ಉಳಿದಿದೆ. ಗ್ರೌಂಡ್ ರೆಂಟ್ ವರ್ಷಕ್ಕೆ 250 ಪೌಂಡ್, ಅವಧಿ ಪೂರ್ತಿ ಅಷ್ಟೇ.

ಮೊದಲನೆಯದು, ಫ್ರೀಹೋಲ್ಡರ್‌ಗೆ 72 ವರ್ಷ ಬರಬೇಕಿದ್ದ ಆ 250 ಪೌಂಡಿನ ಇಂದಿನ ಬೆಲೆ. ಶೇ 7ರ ದರ ಹಾಕಿದರೆ ಸುಮಾರು 3,544 ಪೌಂಡ್. ಎರಡನೆಯದು, 72 ವರ್ಷದ ನಂತರ ಅವನ ಕೈಗೆ ಬರಬೇಕಿದ್ದ ಫ್ಲ್ಯಾಟಿನ ಇಂದಿನ ಬೆಲೆ. ಇಲ್ಲಿ ಬಳಸುವ ದರಕ್ಕೆ ಡಿಫರ್‌ಮೆಂಟ್ ದರ ಎಂದು ಹೆಸರು. ಸ್ಪೋರ್ಟೆಲಿ ಎಂಬ ಮೊಕದ್ದಮೆಯಲ್ಲಿ 2006ರಲ್ಲಿ ಲ್ಯಾಂಡ್ಸ್ ಟ್ರಿಬ್ಯುನಲ್ ಇದನ್ನು ಫ್ಲ್ಯಾಟುಗಳಿಗೆ ಶೇ 5 ಎಂದು ನಿಗದಿ ಮಾಡಿತು. ಅಂದಿನಿಂದ ಅದೇ ನಡೆದುಬಂದಿದೆ. ಶೇ 5ರಂತೆ ಈ ಬಾಬ್ತು 10,434 ಪೌಂಡ್. ವಿಸ್ತರಣೆಯಾದ ಮೇಲೂ 162 ವರ್ಷದ ಆಚೆ ಫ್ಲ್ಯಾಟ್ ಫ್ರೀಹೋಲ್ಡರ್‌ಗೇ ಹೋಗುತ್ತದಾದ್ದರಿಂದ ಅದರ ಇಂದಿನ ಬೆಲೆ 129 ಪೌಂಡನ್ನು ಕಳೆಯುತ್ತಾರೆ. ಇಲ್ಲಿಯವರೆಗೆ ಒಟ್ಟು 13,849.

ಮೂರನೆಯದು ಮ್ಯಾರೇಜ್ ವ್ಯಾಲ್ಯೂ. ಜಗಳವೆಲ್ಲ ಇದರ ಸುತ್ತಲೇ. ಚಿಕ್ಕ ಲೀಸ್ ಇರುವ ಫ್ಲ್ಯಾಟಿಗೆ ಬೆಲೆ ಕಡಿಮೆ, ವಿಸ್ತರಿಸಿದ ಕೂಡಲೇ ಏರುತ್ತದೆ. ಆ ಏರಿಕೆಯಲ್ಲಿ ಫ್ರೀಹೋಲ್ಡರ್‌ಗೆ ಅರ್ಧ ಪಾಲು ಕೊಡಬೇಕೆಂದು ಕಾನೂನು. 72 ವರ್ಷದ ಲೀಸಿರುವ ಫ್ಲ್ಯಾಟ್ ಪೂರ್ಣ ಬೆಲೆಯ ಶೇ 88ರಷ್ಟು, ಅಂದರೆ 3,08,000 ಪೌಂಡ್ ಬಾಳುತ್ತದೆ ಎಂದಿಟ್ಟುಕೊಳ್ಳಿ. ವಿಸ್ತರಿಸಿದ ಮೇಲೆ ಶೇ 99, ಅಂದರೆ 3,46,500. ಎರಡೂ ಕಡೆ ಫ್ರೀಹೋಲ್ಡರ್‌ನ ಹಕ್ಕಿನ ಬೆಲೆಯನ್ನೂ ಸೇರಿಸಿ ಕಳೆದರೆ ಏರಿಕೆ 24,651 ಪೌಂಡ್, ಅದರ ಅರ್ಧ 12,326. ಹಿಂದಿನದಕ್ಕೆ ಕೂಡಿಸಿದರೆ ಪ್ರೀಮಿಯಂ 26,175 ಪೌಂಡ್.

ಶೇ 88 ಎಂಬ ಸಂಖ್ಯೆಗೆ ರೆಲೆಟಿವಿಟಿ ಎನ್ನುತ್ತಾರೆ. ಶೇ 5ರಂತೆ ಇದು ಗಟ್ಟಿಯಾಗಿ ನಿಂತಿಲ್ಲ. ಕೊಳ್ಳುವವನಿಗೆ ಲೀಸ್ ವಿಸ್ತರಿಸುವ ಹಕ್ಕೇ ಇಲ್ಲದಿದ್ದರೆ ಈ ಫ್ಲ್ಯಾಟಿಗೆ ಎಷ್ಟು ಕೊಡುತ್ತಿದ್ದ ಎಂದು ಕಂಡುಹಿಡಿಯಬೇಕು. ಅಂಥ ಕೊಳ್ಳುವವನು ನಿಜಲೋಕದಲ್ಲಿ ಸಿಗುವುದಿಲ್ಲ. ಹಾಗಾಗಿ ಆಸ್ತಿಗೆ ಬೆಲೆ ಕಟ್ಟುವ ಸರ್ವೇಯರ್ ಸಂಸ್ಥೆಗಳು ತಯಾರಿಸಿದ ಗ್ರಾಫುಗಳ ಮೊರೆ ಹೋಗುತ್ತಾರೆ. ಈ ಅಂಕಿಗಳು ಫ್ರೀಹೋಲ್ಡರ್‌ಗಳ ಕಡೆ ವಾಲಿವೆ ಎಂದು ವಾದಿಸಿ, ಅಂಕಿಅಂಶದ ಬೇರೊಂದು ಮಾದರಿಯನ್ನು ಲೀಸ್‌ಹೋಲ್ಡರ್‌ಗಳು ಮಂಡಿ ಎಂಬ ಮೊಕದ್ದಮೆಯಲ್ಲಿ ಮುಂದಿಟ್ಟರು. 2016ರಲ್ಲಿ ಅಪ್ಪರ್ ಟ್ರಿಬ್ಯುನಲ್, 2018ರಲ್ಲಿ ಕೋರ್ಟ್ ಆಫ್ ಅಪೀಲ್ ಅದನ್ನು ತಳ್ಳಿಹಾಕಿದವು. ಈ ಒಂದು ಸಂಖ್ಯೆಯಲ್ಲಿ ಒಂದು ಅಂಶ ಆಚೀಚೆ ಆದರೆ ನಮ್ಮ ಉದಾಹರಣೆಯಲ್ಲಿ 1,750 ಪೌಂಡ್ ವ್ಯತ್ಯಾಸ. ಫ್ರೀಹೋಲ್ಡರ್‌ನ ಸರ್ವೇಯರ್ ಶೇ 86 ಎಂದು ಪಟ್ಟು ಹಿಡಿದು ಗೆದ್ದರೆ 26,175 ಇದ್ದದ್ದು 29,675 ಆಗುತ್ತದೆ. ಸರ್ವೇಯರ್‌ಗೆ ಕೊಡುವ ಫೀಸನ್ನು ದಂಡವೆಂದುಕೊಂಡು ಆನ್‌ಲೈನ್ ಕ್ಯಾಲ್ಕುಲೇಟರ್ ನಂಬಿ ಹೊರಡುವವರು ಇದನ್ನು ಗಮನಿಸಬೇಕು.

80ರ ಗೆರೆ

ವಿಸ್ತರಣೆ ಕೋರಿ ಫ್ರೀಹೋಲ್ಡರ್‌ಗೆ ನೋಟಿಸ್ ಕೊಟ್ಟ ದಿನ ಲೀಸಿನಲ್ಲಿ 80 ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಮ್ಯಾರೇಜ್ ವ್ಯಾಲ್ಯೂ ಸೊನ್ನೆ. ಸರಿಯಾಗಿ 80 ಇದ್ದರೂ ಸಾಲದು, ಒಂದು ದಿನವಾದರೂ ಜಾಸ್ತಿ ಇರಬೇಕು. ಅದೇ ಫ್ಲ್ಯಾಟಿಗೆ 81 ವರ್ಷ ಉಳಿದಿದ್ದಾಗ ನೋಟಿಸ್ ಕೊಟ್ಟರೆ ಪ್ರೀಮಿಯಂ 10,200 ಪೌಂಡ್. ಎರಡು ವರ್ಷ ಬಿಟ್ಟು, 79 ಇರುವಾಗ, ರೆಲೆಟಿವಿಟಿ ಶೇ 91 ಎಂದು ಹಿಡಿದರೂ 19,439. ಎರಡು ವರ್ಷದ ಉದಾಸೀನಕ್ಕೆ ಒಂಬತ್ತು ಸಾವಿರ ಪೌಂಡ್ ಚಿಲ್ಲರೆ.

ಲೆಕ್ಕಕ್ಕೆ ಬರುವುದು ನೋಟಿಸ್ ತಲುಪಿಸಿದ ದಿನ. ಹೊಸ ಲೀಸಿಗೆ ಸಹಿ ಬೀಳುವುದು ಒಂದು ವರ್ಷ ತಡವಾದರೂ ಬೆಲೆ ಆ ದಿನಕ್ಕೇ ನಿಲ್ಲುತ್ತದೆ. 80 ವರ್ಷ 3 ತಿಂಗಳು ಉಳಿದಿರುವ ಫ್ಲ್ಯಾಟ್ ಕೊಳ್ಳುತ್ತಿದ್ದರೆ, ಮಾರುವವರಿಂದಲೇ ನೋಟಿಸ್ ಕೊಡಿಸಿ, ಅದರ ಫಲವನ್ನು ಮಾರಾಟದ ಜೊತೆಗೇ ನಿಮ್ಮ ಹೆಸರಿಗೆ ಬರೆಸಿಕೊಳ್ಳಬಹುದು. ಕೊಂಡು ಎರಡು ವರ್ಷ ಆಗಿರಬೇಕೆಂಬ ಹಳೆಯ ಷರತ್ತನ್ನು 2025ರ ಜನವರಿ 31ರಿಂದ ತೆಗೆದುಹಾಕಿದ್ದಾರೆ, ಹಾಗಾಗಿ ಕೊಂಡ ಮೇಲೆ ನೀವೇ ಕೊಡಬಹುದು ಎನ್ನಿಸುತ್ತದೆ. ಆದರೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ದಾಖಲಾಗುವ ತನಕ ನೀವು ಕಾನೂನಿನ ಕಣ್ಣಿನಲ್ಲಿ ಮಾಲೀಕರಲ್ಲ, ಆ ದಾಖಲಾತಿಗೆ ತಿಂಗಳುಗಳು ಹಿಡಿಯಬಹುದು. ಗೆರೆ ಹತ್ತಿರವಿದ್ದಾಗ ಹಳೆಯ ದಾರಿಯೇ ಸುರಕ್ಷಿತ.

ಗ್ರೌಂಡ್ ರೆಂಟ್ ಅವಧಿ ಪೂರ್ತಿ ಒಂದೇ ಎಂದು ಮೇಲೆ ಹಿಡಿದದ್ದು ಉದಾರವಾಯಿತು. ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತಿರುವ ಲೀಸುಗಳು ಸಾಕಷ್ಟಿವೆ. ಅದೇ 250 ಪೌಂಡ್ ಹಾಗೆ ಏರುತ್ತ ಹೋದರೆ 72 ವರ್ಷದ ಬಾಡಿಗೆಯ ಇಂದಿನ ಬೆಲೆ 3,544 ಇದ್ದದ್ದು ಸುಮಾರು 13,400ಕ್ಕೆ ಜಿಗಿಯುತ್ತದೆ. ಲೀಸಿನಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ಪುಟ ಅದು.

ಪ್ರೀಮಿಯಂ ಆಚೆಗಿನ ಖರ್ಚು

ನಿಮ್ಮ ಸರ್ವೇಯರ್ ಮತ್ತು ಸಾಲಿಸಿಟರ್‌ಗಳ (ಕಾಗದಪತ್ರ ನೋಡಿಕೊಳ್ಳುವ ವಕೀಲರ) ಫೀಸು ನಿಮ್ಮದು. ಸೆಕ್ಷನ್ 60ರ ಪ್ರಕಾರ ಫ್ರೀಹೋಲ್ಡರ್‌ನ ಸರ್ವೇಯರ್, ಸಾಲಿಸಿಟರ್‌ಗಳ ನ್ಯಾಯಯುತ ಖರ್ಚೂ ನಿಮ್ಮದೇ. ಎದುರು ಪಕ್ಷದ ವಕೀಲರಿಗೂ ನಾವೇ ಕೊಡಬೇಕು ಎಂದರೆ ಹೊಟ್ಟೆ ಉರಿಯುತ್ತದೆ, ಆದರೆ ಸದ್ಯಕ್ಕೆ ಕಾನೂನು ಹಾಗಿದೆ. ಶೇ 20 ವ್ಯಾಟ್ ಸೇರಿ ನಾಲ್ಕರಿಂದ ಆರು ಸಾವಿರ ಪೌಂಡ್ ಪಕ್ಕಕ್ಕಿಡುವುದು ಜಾಣತನ. ಫ್ರೀಹೋಲ್ಡರ್‌ಗೂ ನಿಮಗೂ ನಡುವೆ ಇನ್ನೊಬ್ಬ ಮಧ್ಯಂತರ ಲೀಸ್‌ದಾರನಿದ್ದರೆ ಅವನ ಪಾಲೂ ಅವನ ಖರ್ಚೂ ಸೇರಿಕೊಳ್ಳುತ್ತವೆ. ಟ್ರಿಬ್ಯುನಲ್‌ವರೆಗೆ ಹೋದರೆ ಅಲ್ಲಿನ ವಾದದ ಖರ್ಚನ್ನು ಮಾತ್ರ ಅವರವರೇ ಹಾಕಿಕೊಳ್ಳುತ್ತಾರೆ. ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿದ್ದು, ಪ್ರೀಮಿಯಂ 40,000 ಪೌಂಡ್ ಮುಟ್ಟುವಂತಿದ್ದರೆ ಸ್ಟಾಂಪ್ ಡ್ಯೂಟಿಯ ಹೆಚ್ಚುವರಿ ದರ ತಗಲುತ್ತದೆಯೇ ಎಂದು ಸಾಲಿಸಿಟರ್ ಬಳಿ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಎಲ್ಲಿ ಎಡವುತ್ತಾರೆ

ಕೆಲಸ ಶುರುವಾಗುವುದು ಸೆಕ್ಷನ್ 42 ನೋಟಿಸಿನಿಂದ. ಅದರಲ್ಲಿ ನೀವು ಕೊಡಲು ಸಿದ್ಧವಿರುವ ಮೊತ್ತ ಇರಬೇಕು. ಚೌಕಾಸಿಗೆಂದು ತೀರ ಕಡಿಮೆ ಬರೆಯುವ ಹಾಗಿಲ್ಲ. ನಾಮಮಾತ್ರದ ಮೊತ್ತ ಬರೆದ ನೋಟಿಸ್ ಊರ್ಜಿತವಲ್ಲ ಎಂದು ಕಡೋಗನ್ ವಿರುದ್ಧ ಮಾರಿಸ್ ಮೊಕದ್ದಮೆಯಲ್ಲಿ ತೀರ್ಪಾಗಿದೆ. ಸರ್ವೇಯರ್ ಹೇಳಿದ ವ್ಯಾಪ್ತಿಯ ಕೆಳ ಅಂಚಿಗಿಂತ ಸ್ವಲ್ಪ ಕಡಿಮೆ, ಆದರೆ ಸಮರ್ಥಿಸಿಕೊಳ್ಳಲು ಬರುವಂಥ ಅಂಕಿ ಬರೆಯುವುದು ರೂಢಿ. ನೋಟಿಸ್ ತಪ್ಪು ವ್ಯಕ್ತಿಗೆ ಹೋಗುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಸರ್ವಿಸ್ ಚಾರ್ಜ್ ಬಿಲ್ ಕಳಿಸುವ ಮ್ಯಾನೇಜ್‌ಮೆಂಟ್ ಕಂಪನಿ ಫ್ರೀಹೋಲ್ಡರ್ ಆಗಿರಬೇಕೆಂದೇನಿಲ್ಲ. ಫ್ರೀಹೋಲ್ಡ್ ಟೈಟಲನ್ನೂ ತೆಗೆಸಿ, ಹೆಸರು ವಿಳಾಸ ತಾಳೆ ನೋಡಬೇಕು. ಫ್ರೀಹೋಲ್ಡರ್ ಎಲ್ಲಿದ್ದಾನೆಂದೇ ತಿಳಿಯದಿದ್ದರೆ ಕೌಂಟಿ ಕೋರ್ಟಿಗೆ ಅರ್ಜಿ ಹಾಕುವ ಬೇರೆ ದಾರಿ ಇದೆ.

ನೋಟಿಸ್ ತಲುಪಿದ ಮೇಲೆ ಫ್ರೀಹೋಲ್ಡರ್ ನೀವು ಬರೆದ ಮೊತ್ತದ ಶೇ 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅಷ್ಟನ್ನು ಠೇವಣಿಯಾಗಿ ಕೇಳಬಹುದು. ಉತ್ತರವಾಗಿ ಕೌಂಟರ್ ನೋಟಿಸ್ ಕೊಡಲು ಅವನಿಗೆ ಕನಿಷ್ಠ ಎರಡು ತಿಂಗಳ ಅವಕಾಶ ಕೊಟ್ಟಿರಬೇಕು. ಅವನು ಆ ದಿನಾಂಕ ತಪ್ಪಿಸಿಕೊಂಡರೆ ನಿಮಗೆ ಲಾಟರಿ ಹೊಡೆದ ಹಾಗೆ: ಆರು ತಿಂಗಳೊಳಗೆ ಕೋರ್ಟಿಗೆ ಹೋದರೆ ನೀವು ಬರೆದ ಬೆಲೆಗೇ ಲೀಸ್ ಸಿಗಬಹುದು. ದೊಡ್ಡ ಫ್ರೀಹೋಲ್ಡರ್‌ಗಳು ತಪ್ಪಿಸಿಕೊಳ್ಳುವುದಿಲ್ಲ ಬಿಡಿ.

ಕೌಂಟರ್ ನೋಟಿಸ್ ಬಂದ ಮೇಲೆ ಗಡಿಯಾರ ನಿಮ್ಮ ವಿರುದ್ಧ ಓಡುತ್ತದೆ. ಎರಡು ತಿಂಗಳು ಮಾತುಕತೆ. ಒಪ್ಪಂದ ಆಗದಿದ್ದರೆ, ಕೌಂಟರ್ ನೋಟಿಸ್ ಬಂದ ದಿನದಿಂದ ಆರು ತಿಂಗಳೊಳಗೆ ಫಸ್ಟ್ ಟಿಯರ್ ಟ್ರಿಬ್ಯುನಲ್‌ಗೆ ಅರ್ಜಿ ಹಾಕಲೇಬೇಕು. ಮಾತುಕತೆ ಚೆನ್ನಾಗಿಯೇ ನಡೆದಿದೆಯಲ್ಲ ಎಂದು ಸುಮ್ಮನಿದ್ದು ಈ ದಿನಾಂಕ ದಾಟಿದರೆ ನೋಟಿಸ್ ಹಿಂತೆಗೆದುಕೊಂಡಂತೆ. ಫ್ರೀಹೋಲ್ಡರ್‌ನ ಖರ್ಚು ಕೊಡಬೇಕು, ಹೊಸ ನೋಟಿಸಿಗೆ ಹನ್ನೆರಡು ತಿಂಗಳು ಕಾಯಬೇಕು. ಅಷ್ಟರಲ್ಲಿ ಲೀಸ್ 80ರ ಕೆಳಗೆ ಇಳಿದಿದ್ದರೆ ಎಷ್ಟು ನಷ್ಟವೆಂದು ಮೇಲೆ ನೋಡಿದ್ದೇವೆ. ಬೆಲೆ ಕುದುರಿದ ನಂತರವೂ ಗಡುವುಗಳಿವೆ. ಅವುಗಳ ಪಟ್ಟಿಯನ್ನು ಸಾಲಿಸಿಟರ್ ಬಳಿ ಮೊದಲ ವಾರದಲ್ಲೇ ಕೇಳಿ ಪಡೆಯಿರಿ.

ಕೆಲಸ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಮರಳಿ, ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರೂ ಇದನ್ನೆಲ್ಲ ಮಾಡಿಸಬಹುದು. ಅಲ್ಲೇ ವಾಸವಿರಬೇಕೆಂಬ ಷರತ್ತಿಲ್ಲ. ನೋಟಿಸಿಗೆ ಲೀಸ್‌ಹೋಲ್ಡರ್ ಖುದ್ದಾಗಿಯೇ ಸಹಿ ಹಾಕಬೇಕೆಂಬ ನಿಯಮವನ್ನು 2014ರಲ್ಲಿ ಸಡಿಲಿಸಿದ್ದಾರೆ, ನಿಮ್ಮ ಪರವಾಗಿ ಸಾಲಿಸಿಟರ್ ಹಾಕಬಹುದು. ಕೊನೆಯ ಲೀಸ್ ಪತ್ರಕ್ಕೆ ಮಾತ್ರ ಸಾಕ್ಷಿಯ ಎದುರು ನಿಮ್ಮ ಸಹಿ ಬೇಕು, ಇಲ್ಲವೇ ಪವರ್ ಆಫ್ ಅಟಾರ್ನಿ. ಫ್ಲ್ಯಾಟ್ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ನೋಟಿಸ್ ಇಬ್ಬರ ಹೆಸರಿನಲ್ಲೂ ಹೋಗಬೇಕು.

ಇದೆಲ್ಲ ಯಾಕೆ, ನಾವೇ ನೇರವಾಗಿ ಮುಗಿಸಿಕೊಳ್ಳೋಣ ಎಂದು ಫ್ರೀಹೋಲ್ಡರ್‌ನಿಂದ ಪತ್ರ ಬರುವುದುಂಟು. "125 ವರ್ಷಕ್ಕೆ ಏರಿಸಿಕೊಡುತ್ತೇವೆ, 18,000 ಪೌಂಡ್, 28 ದಿನದೊಳಗೆ ಉತ್ತರಿಸಿ" ಎಂಬ ಧಾಟಿಯಲ್ಲಿ. ನಮ್ಮ ಉದಾಹರಣೆಯ 26,175ರ ಎದುರು ಇದು ಅಗ್ಗವಾಗಿ ಕಾಣುತ್ತದೆ. ಆದರೆ ಸಿಗುವುದು 53 ವರ್ಷ, 90 ಅಲ್ಲ. ಗ್ರೌಂಡ್ ರೆಂಟ್ ಸೊನ್ನೆಯಾಗುವುದಿಲ್ಲ. 2022ರ ಜೂನ್ 30ರ ನಂತರದ ಇಂಥ ಒಪ್ಪಂದಗಳಲ್ಲಿ ಬಾಡಿಗೆ ಏರಿಸುವಂತಿಲ್ಲವಾದರೂ, ಹಳೆಯ ಲೀಸಿನ ಉಳಿದ 72 ವರ್ಷ ಹಳೆಯ ಬಾಡಿಗೆಯನ್ನು ವಸೂಲು ಮಾಡಲು ಅವಕಾಶವಿದೆ, ದುಪ್ಪಟ್ಟಾಗುವ ಷರತ್ತಿದ್ದರೆ ಅದೂ ಸೇರಿ. ಜೊತೆಗೆ ಹೊಸ ಲೀಸಿನ ಹೆಸರಿನಲ್ಲಿ ಸಬ್‌ಲೆಟ್ ಶುಲ್ಕ, ಅನುಮತಿ ಶುಲ್ಕಗಳ ಕಲಮುಗಳು ಒಳಗೆ ನುಸುಳುತ್ತವೆ. ಮಾತು ನಡೆಯುತ್ತಿರುವಾಗ ಬೆಲೆ ಎಲ್ಲಿಯೂ ನಿಂತಿರುವುದಿಲ್ಲ. ಎಂಟು ತಿಂಗಳು ಎಳೆದಾಡಿಸಿ, ಲೀಸ್ 80ರ ಕೆಳಗಿಳಿದ ಮೇಲೆ ಹೊಸ ದರ ಹೇಳಿದರೆ ಕೇಳುವವರಿಲ್ಲ.

ಕಾಯುವವರ ಲೆಕ್ಕ

2024ರ ಕಾಯ್ದೆ ಪೂರ್ಣ ಜಾರಿಯಾದರೆ ಮ್ಯಾರೇಜ್ ವ್ಯಾಲ್ಯೂ ಹೋಗುತ್ತದೆ. 90ರ ಬದಲು 990 ವರ್ಷ ಸಿಗುತ್ತದೆ. ಫ್ರೀಹೋಲ್ಡರ್‌ನ ವಕೀಲರ ಖರ್ಚು ಸಾಮಾನ್ಯವಾಗಿ ನಿಮ್ಮ ಮೇಲೆ ಬೀಳುವುದಿಲ್ಲ. ಲೆಕ್ಕಕ್ಕೆ ಹಿಡಿಯುವ ಗ್ರೌಂಡ್ ರೆಂಟಿಗೆ ಫ್ಲ್ಯಾಟಿನ ಬೆಲೆಯ ಶೇ 0.1ರ ಮಿತಿ ಬರುತ್ತದೆ. ನಮ್ಮ ಫ್ಲ್ಯಾಟಿಗೆ ಆ ಮಿತಿ 350 ಪೌಂಡ್, ಹಾಗಾಗಿ ದುಪ್ಪಟ್ಟಾಗುತ್ತ ಹೋಗುವ ಬಾಡಿಗೆಯವರಿಗೆ ಇದು ದೊಡ್ಡ ಉಸಿರು. ಫ್ರೀಹೋಲ್ಡರ್‌ಗಳು ಇದೆಲ್ಲ ತಮ್ಮ ಆಸ್ತಿಹಕ್ಕಿನ ಉಲ್ಲಂಘನೆ ಎಂದು ಹೈಕೋರ್ಟಿಗೆ ಹೋದರು. 2025ರ ಅಕ್ಟೋಬರ್ 24ರಂದು ಕೋರ್ಟು ಅವರ ವಾದವನ್ನು ತಿರಸ್ಕರಿಸಿತು. ಇಷ್ಟಾದರೂ ಕಾಯ್ದೆಯಲ್ಲಿನ ಲೋಪಗಳನ್ನು ಇನ್ನೊಂದು ಕಾಯ್ದೆಯಿಂದ ಸರಿಪಡಿಸಬೇಕೆಂದು ಸರ್ಕಾರವೇ 2024ರ ನವೆಂಬರ್‌ನಲ್ಲಿ ಹೇಳಿದೆ.

ಸುದ್ದಿಗಳಲ್ಲಿ ಹೆಚ್ಚು ಕಾಣದ ಅಂಶ ಬೇರೆ. ಡಿಫರ್‌ಮೆಂಟ್ ದರವನ್ನು ಇನ್ನು ಮುಂದೆ ಸಚಿವರು ನಿಗದಿ ಮಾಡುತ್ತಾರೆ. ಈ ದರ ಇಳಿದಷ್ಟೂ ಪ್ರೀಮಿಯಂ ಏರುತ್ತದೆ. 72 ವರ್ಷದವರು ಎರಡು ವರ್ಷ ಕಾದು, 70 ಇರುವಾಗ ಹೊಸ ಕಾನೂನಿನಡಿ ಹೋದರು ಎನ್ನಿ. ಫ್ಲ್ಯಾಟಿನ ಬೆಲೆ ಬದಲಾಗಿಲ್ಲ, ದರ ಶೇ 5ರಲ್ಲೇ ಉಳಿದಿದೆ ಎಂದರೆ ಪ್ರೀಮಿಯಂ ಸುಮಾರು 15,000, ಅಂದರೆ ಹನ್ನೊಂದು ಸಾವಿರ ಉಳಿತಾಯ. ಶೇ 4.5 ಆದರೆ ಸುಮಾರು 19,600. ಶೇ 4 ಆದರೆ ಸುಮಾರು 26,000, ಅಂದರೆ ಇವತ್ತಿನಷ್ಟೇ. ಕಾನೂನು ಜಾರಿಯೇ ಆಗದೆ 70ಕ್ಕೆ ಬಂದು ಹಳೆಯ ಲೆಕ್ಕದಲ್ಲೇ ಕೊಡಬೇಕಾದರೆ, ರೆಲೆಟಿವಿಟಿ ಶೇ 87ರಂತೆ, ಸುಮಾರು 28,450. ಕಳೆದುಕೊಳ್ಳುವುದು ಎರಡು ಸಾವಿರದಷ್ಟು, ಗಳಿಸಬಹುದಾದದ್ದು ಹತ್ತು ಸಾವಿರಕ್ಕೂ ಹೆಚ್ಚು. ಮಾರುವ, ಸಾಲ ಬದಲಿಸುವ ಅವಸರವಿಲ್ಲದವರು ಈ ಜೂಜಿಗೆ ಇಳಿಯಬಹುದು.

81 ವರ್ಷದವರ ಕಥೆ ತಲೆಕೆಳಗು. ಇವತ್ತು 10,200, ಮೇಲೆ ಫ್ರೀಹೋಲ್ಡರ್‌ನ ಖರ್ಚು. ಎರಡು ವರ್ಷ ಬಿಟ್ಟು ಹೊಸ ಕಾನೂನಿನಡಿ, ಶೇ 5ರಂತೆ, ಸುಮಾರು 11,000. ಉಳಿಯುವುದಾದರೆ ಫ್ರೀಹೋಲ್ಡರ್‌ನ ವಕೀಲರ ಫೀಸಿನಲ್ಲಿ ಒಂದೆರಡು ಸಾವಿರ ಮಾತ್ರ. ದರ ಶೇ 4 ಆದರೆ 19,300ರ ಆಸುಪಾಸು. ಕಾನೂನು ಬಾರದಿದ್ದರೆ 19,439. ಒಂದೆರಡು ಸಾವಿರದ ಆಸೆಗೆ ಒಂಬತ್ತು ಸಾವಿರ ಪಣಕ್ಕಿಡುವುದು ಇದು. ಅವರು ಈ ತಿಂಗಳೇ ನೋಟಿಸ್ ಕೊಡಬೇಕು. 90 ವರ್ಷ ಉಳಿದಿರುವವರಿಗೆ ಯಾವ ಅವಸರವೂ ಇಲ್ಲ, ರಿಜಿಸ್ಟರ್ ನೋಡಿ 82ರ ವರ್ಷವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸಾಕು.

ಇನ್ನು ವರ್ಷದೊಳಗೆ ಫ್ಲ್ಯಾಟ್ ಮಾರಬೇಕೆಂದಿರುವವರಿಗೆ ಕಾಯುವ ಪ್ರಶ್ನೆಯೇ ಏಳುವುದಿಲ್ಲ. ಕೊಳ್ಳುವವರ ಸಾಲಿಸಿಟರ್ ಚಿಕ್ಕ ಲೀಸನ್ನು ಕಂಡ ಕೂಡಲೇ ಇವತ್ತಿನ ಕಾನೂನಿನ ಪ್ರೀಮಿಯಂ, ಮೇಲೆ ಎರಡೂ ಕಡೆಯ ಫೀಸು, ಅದರ ಮೇಲೆ ತಲೆನೋವಿಗೆಂದು ಇನ್ನಷ್ಟು ಸೇರಿಸಿ ಬೆಲೆಯಲ್ಲಿ ಇಳಿಸಿ ಎನ್ನುತ್ತಾರೆ. ಮಾರಾಟಕ್ಕೆ ಹಾಕುವ ಮೊದಲೇ ನೋಟಿಸ್ ಕೊಟ್ಟು, ಅದನ್ನು ಕೊಳ್ಳುವವರಿಗೆ ವರ್ಗಾಯಿಸುವುದಾಗಿ ಹೇಳಿದರೆ ಆ ಕೊನೆಯ ಬಾಬ್ತನ್ನಾದರೂ ತಪ್ಪಿಸಿಕೊಳ್ಳಬಹುದು.